1970ರ ಕಾಲದ ಪ್ಯೂಜೊ ಪಿಎಕ್ಸ್-10: ಮೂಲ ಬಿಡಿಭಾಗಗಳಲ್ಲಿ ಯಾವುದನ್ನು ನಂಬಿ ಸವಾರಿ ಮಾಡಬಹುದು?

ಪ್ರಶ್ನೆ: ಲಿಯಾನ್ ಸವಾರ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಫ್ರಾನ್ಸಿನ ಲಿಯಾನ್ ನಗರದಲ್ಲಿ ನೆಲೆಸಿರುವ ನಾನು, ಇಲ್ಲಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಪ್ಯೂಜೊ ಪಿಎಕ್ಸ್-10 ಮಾದರಿಯ ರೇಸಿಂಗ್ ಸೈಕಲ್ ಒಂದನ್ನು ಕೊಂಡಿದ್ದೇನೆ. ಬಿಡಿಭಾಗಗಳನ್ನು ನೋಡಿದರೆ ಅದು 1970ರ ಆಸುಪಾಸಿನದೆಂದು ತೋರುತ್ತದೆ. ಬಿಳಿ ಬಣ್ಣದ ಫ್ರೇಮು, ಕೊಳವೆಗಳನ್ನು ಕೂಡಿಸುವ, ಕಪ್ಪು ಬಳಿದ ನೆರ್ವೆಕ್ಸ್ ಲಗ್‌ಗಳು, ರೆನಾಲ್ಡ್ಸ್ 531 ಉಕ್ಕಿನ ಕೊಳವೆಗಳು, ಮಾಫಾಕ್ ರೇಸರ್ ಬ್ರೇಕು, ಸ್ಟ್ರಾಂಗ್‌ಲೈಟ್ 93 ಕ್ರ್ಯಾಂಕು (ಪೆಡಲ್ ಕೂರುವ ತೋಳುಗಳು), ಪ್ಲಾಸ್ಟಿಕ್ ದೇಹದ ಸಿಂಪ್ಲೆಕ್ಸ್ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ), ಆವಾ ಕಂಪನಿಯ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಭಾಗ) ಮತ್ತು ಹ್ಯಾಂಡಲ್‌ಬಾರ್, ಅಂಟಿನಿಂದ ಕೂರುವ ಟ್ಯೂಬುಲರ್ ಟೈರಿನ ಚಕ್ರಗಳು, ಎಲ್ಲವೂ ಕಾರ್ಖಾನೆಯಿಂದ ಹೊರಬಿದ್ದ ದಿನ ಇದ್ದವೇ ಇರಬೇಕೆಂದು ನನ್ನ ಅನಿಸಿಕೆ. 1975 ಮತ್ತು 1977ರ ಟೂರ್ ದ ಫ್ರಾನ್ಸ್ ಗೆದ್ದ ಬರ್ನಾರ್ ತೆವೆನೆ ಅವರು ಪ್ಯೂಜೊ ತಂಡದವರು. ಆ ಕಾಲದ ಸೈಕಲ್ಲು ಇಷ್ಟು ಪೂರ್ಣವಾಗಿ ಕೈಗೆ ಸಿಕ್ಕಿರುವುದರಿಂದ ಅದರ ಒಂದು ಬೋಲ್ಟನ್ನೂ ಬದಲಿಸಲು ಮನಸ್ಸು ಒಪ್ಪುತ್ತಿಲ್ಲ.

ಆದರೆ ಇದನ್ನು ಗೋಡೆಗೆ ತೂಗುಹಾಕುವ ಉದ್ದೇಶ ನನಗಿಲ್ಲ. ಇಟಲಿಯ ಟಸ್ಕನಿಯಲ್ಲಿ, ಗಾಯೋಲೆ ಇನ್ ಕಿಯಾಂತಿ ಊರಿನಿಂದ 1997ರಿಂದ ನಡೆದುಬಂದಿರುವ ಲೆರೋಯಿಕಾ ಸವಾರಿಯಲ್ಲಿ ಇದರ ಮೇಲೆಯೇ ಪಾಲ್ಗೊಳ್ಳಬೇಕೆಂಬುದು ನನ್ನ ಆಸೆ. ಗೇರಿನ ಸನ್ನೆಗಳು ಫ್ರೇಮಿನ ಕೆಳಕೊಳವೆಯ ಮೇಲಿರಬೇಕು, ಬ್ರೇಕ್ ಕೇಬಲ್ ಹ್ಯಾಂಡಲ್‌ನ ಹೊರಗೇ ಹಾದುಹೋಗಬೇಕು, ಪೆಡಲಿಗೆ ಪಂಜರ ಮತ್ತು ಪಟ್ಟಿ ಇರಬೇಕು ಎಂಬ ಅಲ್ಲಿನ ನಿಯಮಗಳಿಗೆ ಈ ಸೈಕಲ್ಲು ಇದ್ದಂತೆಯೇ ಹೊಂದುತ್ತದೆ. ನನ್ನ ಚಿಂತೆ ನಿಯಮದ ಬಗ್ಗೆ ಅಲ್ಲ, ಅಲ್ಲಿನ ಜಲ್ಲಿಯ ಬಿಳಿ ರಸ್ತೆಗಳ ಇಳಿಜಾರಿನ ಬಗ್ಗೆ. ಇಲ್ಲಿನ ಒಬ್ಬ ಹಿರಿಯ ಮೆಕ್ಯಾನಿಕ್ ‘ಐವತ್ತು ವರ್ಷ ಬಾಳಿದ್ದು ಇನ್ನೂ ಬಾಳುತ್ತದೆ’ ಎನ್ನುತ್ತಾರೆ, ಇನ್ನೊಬ್ಬರು ಫ್ರೇಮನ್ನು ಉಳಿಸಿಕೊಂಡು ಮಿಕ್ಕದ್ದೆಲ್ಲವನ್ನೂ ಹೊಸದಾಗಿ ಹಾಕಿ ಎನ್ನುತ್ತಾರೆ. ಇವೆರಡರ ನಡುವೆ ತಿಳಿವಳಿಕೆಯಿಂದ ನಿರ್ಧರಿಸುವ ದಾರಿ ಯಾವುದು? ಕಣ್ಣಿನಿಂದ ನೋಡಿ ಒಂದು ಭಾಗದ ಆರೋಗ್ಯವನ್ನು ಹೇಳಲು ಸಾಧ್ಯವೇ? ಅಲ್ಯೂಮಿನಿಯಂ ಭಾಗಗಳಿಗೆ ಪಾಲಿಶ್ ಹಾಕಿಸಬೇಕೆಂದಿದ್ದೇನೆ, ಅದರಿಂದ ತೊಂದರೆಯಿದೆಯೇ?

ಉತ್ತರ: ಪೀಣ್ಯ ಫಿಟ್ಟರ್

ಯಂತ್ರಭಾಗಗಳ ಬಿರುಕು ಪರೀಕ್ಷಿಸುವುದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಮೊದಲು ಲೋಹದ ವಿಷಯ ಹೇಳುತ್ತೇನೆ. ‘ಐವತ್ತು ವರ್ಷ ಬಾಳಿದ್ದು ಇನ್ನೂ ಬಾಳುತ್ತದೆ’ ಎಂಬ ಮಾತು ನಿಮ್ಮ ಫ್ರೇಮಿನ ಉಕ್ಕಿಗೆ ಬಹುಮಟ್ಟಿಗೆ ಸಲ್ಲಬಹುದು, ಅಲ್ಯೂಮಿನಿಯಂಗೆ ಸಲ್ಲುವುದಿಲ್ಲ. ಉಕ್ಕಿಗೆ ಒಂದು ಮಿತಿಯಿದೆ. ಆ ಮಿತಿಗಿಂತ ಕೆಳಗಿನ ಹೊರೆಯನ್ನು ಎಷ್ಟು ಲಕ್ಷ ಬಾರಿ ಹೇರಿದರೂ ಅದರಲ್ಲಿ ಬಿರುಕು ಹುಟ್ಟುವುದಿಲ್ಲ. ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಅಂಥ ಮಿತಿಯೇ ಇಲ್ಲ. ಸಣ್ಣ ಹೊರೆಯಾದರೂ ಸರಿ, ಸಾಕಷ್ಟು ಸಲ ಮರುಕಳಿಸಿದರೆ ಎಲ್ಲೋ ಒಂದು ಚೂಪು ಮೂಲೆಯಲ್ಲಿ, ಒಂದು ಗೀರಿನಲ್ಲಿ, ಬೆವರಿನ ಉಪ್ಪು ಕೊರೆದ ಒಂದು ಗುಳಿಯಲ್ಲಿ ಬಿರುಕು ಆರಂಭವಾಗುತ್ತದೆ. ಆಮೇಲೆ ಪ್ರತಿ ಬಾರಿ ಹ್ಯಾಂಡಲ್ ಎಳೆದಾಗಲೂ ಪೆಡಲ್ ತುಳಿದಾಗಲೂ ಅದು ಸ್ವಲ್ಪಸ್ವಲ್ಪವೇ ಮುಂದೆ ಸಾಗುತ್ತದೆ. ಉಳಿದಿರುವ ಲೋಹ ಹೊರೆ ತಾಳಲಾರದ ಕ್ಷಣದಲ್ಲಿ ಭಾಗವು ಬಾಗದೆ, ಸದ್ದನ್ನೂ ಮಾಡದೆ ತುಂಡಾಗಿಬಿಡಬಹುದು. ಆದ್ದರಿಂದ ನೀವು ಕೇಳಬೇಕಾದದ್ದು ಭಾಗಕ್ಕೆ ಎಷ್ಟು ವಯಸ್ಸು ಎಂಬುದನ್ನಲ್ಲ, ಅದರ ಮೇಲೆ ಎಷ್ಟು ಹೊರೆ ಬಿದ್ದಿದೆ, ಎಷ್ಟು ಸಲ ಬಿದ್ದಿದೆ ಎಂಬುದನ್ನು. ಸಂತೆಯಲ್ಲಿ ಕೊಂಡ ಸೈಕಲ್ಲಿನ ವಿಷಯದಲ್ಲಿ ಇದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ.

ಈ ಕಾರಣದಿಂದ ನಾನು ಬಿಡಿಭಾಗಗಳನ್ನು ಬೆಲೆಯಿಂದಾಗಲೀ ಅಪರೂಪದಿಂದಾಗಲೀ ವಿಂಗಡಿಸದೆ, ಮುರಿದರೆ ಏನಾಗುತ್ತದೆ ಎಂಬುದರಿಂದ ವಿಂಗಡಿಸುತ್ತೇನೆ. ಸೀಟಿನ ಕಂಬ ಮುರಿದರೆ ಗಾಯವಾಗಬಹುದು, ಆದರೆ ಹ್ಯಾಂಡಲ್ ಇನ್ನೂ ಕೈಯಲ್ಲಿರುತ್ತದೆ. ಸ್ಟೆಮ್, ಹ್ಯಾಂಡಲ್‌ಬಾರ್ ಅಥವಾ ಫೋರ್ಕಿನ ಕತ್ತು (ಫ್ರೇಮಿನ ತಲೆಯೊಳಗೆ ಹೋಗುವ ಅದರ ಮೇಲಿನ ಕೊಳವೆ) ಇಳಿಜಾರಿನಲ್ಲಿ ಮುರಿದರೆ ಸವಾರನಿಗೆ ಮಾಡಲು ಏನೂ ಉಳಿದಿರುವುದಿಲ್ಲ. ನಿಮ್ಮ ಸೈಕಲ್ಲಿನಲ್ಲಿರುವ ಆವಾ ಸ್ಟೆಮ್ಮಿಗೆ ಹಳೆಯ ಸೈಕಲ್ ಪ್ರಿಯರ ನಡುವೆ ಬಹಳ ಕೆಟ್ಟ ಹೆಸರಿದೆ, ಅದನ್ನು ‘ಸಾವಿನ ಸ್ಟೆಮ್’ ಎಂದೇ ಕರೆಯುವವರಿದ್ದಾರೆ. ಇದನ್ನು ಪರೀಕ್ಷೆಗೂ ಒಳಪಡಿಸದೆ ಸೈಕಲ್ಲಿನಿಂದ ತೆಗೆದಿಡಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಬೇರೆ ಕಂಪನಿಗಳ ಸ್ಟೆಮ್ ಇರುವ ಓದುಗರು, ಕಾಂಡದ ಕೆಳತುದಿಯಲ್ಲಿ ಬಿಗಿಯುವ ಶಂಕುವಿಗಾಗಿ ಕೊಯ್ದಿರುವ ಸೀಳುಗಳ ಕೊನೆಯನ್ನು, ಮುಂಚಾಚು ಕಾಂಡವನ್ನು ಸೇರುವ ಮೂಲೆಯನ್ನು ಮತ್ತು ಹ್ಯಾಂಡಲನ್ನು ಹಿಡಿಯುವ ಹಿಡಿಕೆಯ ಹಿಂಬದಿಯನ್ನು ನೋಡಬೇಕು.

ಹ್ಯಾಂಡಲ್‌ಬಾರಿನ ಸುತ್ತಿದ ಪಟ್ಟಿಯನ್ನು ಪೂರ್ತಿ ಬಿಚ್ಚದೆ ಯಾವ ತೀರ್ಮಾನಕ್ಕೂ ಬರಬೇಡಿ. ಹತ್ತಿ ಪಟ್ಟಿಯ ಕೆಳಗೆ ದಶಕಗಳ ಬೆವರು ಕೂತು ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆದಿರುತ್ತದೆ. ಸ್ಟೆಮ್ಮಿನ ಹಿಡಿಕೆಯ ಅಂಚು ತಾಗುವ ಜಾಗ ಮತ್ತು ಬ್ರೇಕ್ ಸನ್ನೆಯ ಪಟ್ಟಿ ಕಚ್ಚುವ ಜಾಗ, ಇವೆರಡೇ ಮುಖ್ಯ. ಹಿಂದೆ ಯಾರೋ ಹಿಡಿಕೆಯನ್ನು ಸಡಿಲಿಸದೆ ಹ್ಯಾಂಡಲನ್ನು ತಿರುಚಿ ಎಳೆದಿದ್ದರೆ ಸುತ್ತಲೂ ಉಂಗುರದಂಥ ಗೀರು ಕಾಣುತ್ತದೆ. ಅಂಥ ಗೀರಿನ ಹ್ಯಾಂಡಲನ್ನು ನಾನು ಬಳಸುವುದಿಲ್ಲ.

ಕ್ರ್ಯಾಂಕಿನಲ್ಲಿ ಬಲಬದಿಯ ತೋಳು ಹಲ್ಲುಚಕ್ರದ ಕವಲುಗಳನ್ನು ಸೇರುವ ಮೂಲೆ, ಪೆಡಲ್ ಕೂರುವ ಕಣ್ಣು ಮತ್ತು ಅಚ್ಚಿಗೆ ಕೂರುವ ಚೌಕ ರಂಧ್ರದ ನಾಲ್ಕು ಮೂಲೆಗಳನ್ನು ಪರೀಕ್ಷಿಸಬೇಕು. ಕಂಪಾನ್ಯೋಲೊ ನುವೊವೊ ರೆಕಾರ್ಡ್‌ನಂಥ ಹೆಸರಾಂತ ಕ್ರ್ಯಾಂಕಿನಲ್ಲೂ ಮೊದಲು ಹೇಳಿದ ಮೂಲೆಯಲ್ಲೇ ಬಿರುಕು ಕಾಣಿಸುವುದು ಎಲ್ಲರಿಗೂ ತಿಳಿದ ಸಂಗತಿ. ಬ್ರ್ಯಾಂಡಿನ ಘನತೆ ಇಲ್ಲಿ ರಕ್ಷಣೆ ಕೊಡುವುದಿಲ್ಲ.

ಕಣ್ಣಿನಿಂದ ಹೇಳಲು ಸಾಧ್ಯವೇ ಎಂದು ಕೇಳಿದ್ದೀರಿ. ಬಿರುಕು ದೊಡ್ಡದಾದ ಮೇಲೆ ಸಾಧ್ಯ, ಆದರೆ ನಮಗೆ ಬೇಕಾದದ್ದು ಅದಕ್ಕೂ ಮುಂಚೆ. ಇದಕ್ಕಾಗಿ ಡೈ ಪೆನೆಟ್ರಂಟ್ ಪರೀಕ್ಷೆಯ ಮೂರು ಸ್ಪ್ರೇ ಡಬ್ಬಿಗಳ ಸೆಟ್ ಕೊಳ್ಳಿ. ಕೈಗಾರಿಕಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಭಾಗವನ್ನು ಎಣ್ಣೆಯ ಪಸೆಯಿಲ್ಲದಂತೆ ತೊಳೆದು, ಕೆಂಪು ಬಣ್ಣವನ್ನು ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಬಿಟ್ಟು, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ, ಬಿರುಕಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಕಾಂತೀಯ ಕಣಗಳ ಪರೀಕ್ಷೆ ಉಕ್ಕಿಗೆ ಮಾತ್ರ ನಡೆಯುತ್ತದೆ, ಅಲ್ಯೂಮಿನಿಯಂಗೆ ಈ ಬಣ್ಣದ ವಿಧಾನವೇ ಬೇಕು.

ಪಾಲಿಶ್ ಬಗ್ಗೆ ಒಂದು ಮುಖ್ಯ ಮಾತು: ಪರೀಕ್ಷೆ ಮೊದಲು, ಪಾಲಿಶ್ ನಂತರ. ಬಫ್ ಚಕ್ರದ ಒತ್ತಡಕ್ಕೆ ಮೆದು ಅಲ್ಯೂಮಿನಿಯಂ ಮೇಲ್ಮೈಯಲ್ಲಿ ಜಾರಿ ಬಿರುಕಿನ ಬಾಯನ್ನು ಮುಚ್ಚಿಬಿಡುತ್ತದೆ, ಆಮೇಲೆ ಬಣ್ಣ ಒಳಗೆ ಇಳಿಯುವುದಿಲ್ಲ. ಹೊಳೆಯುವಂತೆ ಉಜ್ಜಿ ಮಾರಾಟಕ್ಕಿಟ್ಟ ಹಳೆಯ ಸ್ಟೆಮ್ ಕ್ರ್ಯಾಂಕುಗಳನ್ನು ನಾನು ಕೊಳ್ಳದಿರುವುದಕ್ಕೆ ಇದೇ ಕಾರಣ.

ಉತ್ತರ: ಮೈಸೂರು ಸಂಗ್ರಾಹಕ

ಫಿಟ್ಟರ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಇಂಥ ಸಲಹೆಯನ್ನು ಓದಿದವರು ಅವಸರದಲ್ಲಿ ಮೂಲ ಭಾಗಗಳನ್ನು ಗುಜರಿಗೆ ಹಾಕಿಬಿಡುತ್ತಾರೆ ಎಂಬ ಕಳವಳ ನನಗಿದೆ. ಸೈಕಲ್ಲಿನಿಂದ ತೆಗೆಯುವುದು ಬೇರೆ, ಎಸೆಯುವುದು ಬೇರೆ. ತೆಗೆದ ಪ್ರತಿಯೊಂದು ಭಾಗಕ್ಕೂ ‘ಸವಾರಿಗೆ ಅಲ್ಲ’ ಎಂದು ಬರೆದ ಚೀಟಿ ಕಟ್ಟಿ, ಅದೇ ಸೈಕಲ್ಲಿನ ಹೆಸರಿನಲ್ಲಿ ಪೆಟ್ಟಿಗೆಯಲ್ಲಿಡಿ. ನಿಮ್ಮ ನಂತರ ಈ ಸೈಕಲ್ಲು ಯಾರ ಕೈಗೆ ಹೋದರೂ ಆ ಪೆಟ್ಟಿಗೆ ಜೊತೆಗೆ ಹೋಗಬೇಕು, ಚೀಟಿಯೂ ಹೋಗಬೇಕು. ಪ್ರದರ್ಶನಕ್ಕೆ ಇಡುವಾಗ ಮೂಲ ಸ್ಟೆಮ್ಮನ್ನು ಮತ್ತೆ ಹಾಕಲು ಅಡ್ಡಿಯೇನಿಲ್ಲ.

ಬದಲಿ ಭಾಗಗಳ ವಿಷಯದಲ್ಲಿ ಸಂಗ್ರಾಹಕರು ಒಂದು ಬಲೆಗೆ ಬೀಳುತ್ತಾರೆ. ಕಾಲಕ್ಕೆ ಹೊಂದಬೇಕೆಂಬ ಆಸೆಯಿಂದ ಒಂದು ಹಳೆಯ ಸ್ಟೆಮ್ಮನ್ನು ತೆಗೆದು, ಅಷ್ಟೇ ಹಳೆಯದಾದ, ಬಳಸಿ ಬಿಟ್ಟ ಇನ್ನೊಂದನ್ನು ದುಬಾರಿ ಬೆಲೆಗೆ ಕೊಂಡು ಹಾಕುತ್ತಾರೆ. ಮೊದಲನೆಯದರ ಚರಿತ್ರೆ ತಿಳಿಯದು ಎಂದು ತೆಗೆದೆವು, ಎರಡನೆಯದರ ಚರಿತ್ರೆಯೂ ತಿಳಿಯದು. ಆ ಕಾಲದಲ್ಲೇ ತಯಾರಾಗಿ, ಬಳಕೆಯಾಗದೆ ಅಂಗಡಿಯ ಅಟ್ಟದಲ್ಲಿ ಉಳಿದ ಭಾಗ ಸಿಕ್ಕರೆ ಅದು ಬೇರೆ ಮಾತು. ಅದರ ಮೇಲೆ ಹೊರೆ ಬಿದ್ದಿಲ್ಲವಾದ್ದರಿಂದ ಲೋಹ ದಣಿದಿರುವುದಿಲ್ಲ. ಆದರೆ ವಿನ್ಯಾಸದ ದೋಷ ಅಟ್ಟದಲ್ಲಿ ಕೂತು ಮಾಯವಾಗುವುದಿಲ್ಲ, ಬಳಸದ ಆವಾ ಸ್ಟೆಮ್ ಕೂಡ ಆವಾ ಸ್ಟೆಮ್ಮೇ. ಬಳಸದ ಹಳೆಯ ಟೈರು, ಬ್ರೇಕ್ ರಬ್ಬರು, ಹತ್ತಿಯ ಹೆಣಿಗೆ ಇವು ಕವರಿನೊಳಗೇ ಒಣಗಿ ಸತ್ವ ಕಳೆದುಕೊಂಡಿರುತ್ತವೆ.

ರಂಧ್ರ ಕೊರೆದ ಭಾಗಗಳನ್ನೂ ದಯವಿಟ್ಟು ದೂರವಿಡಿ. ಬೆಲ್ಜಿಯಂನ ರೇಸ್ ಸವಾರ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ಕ್ರಮಿಸಿ ದಾಖಲೆ ಮಾಡಿದಾಗ, ಎರ್ನೆಸ್ಟೊ ಕೊಲ್ನಾಗೊ ಕಟ್ಟಿದ ಅವರ ಸೈಕಲ್ಲಿನಲ್ಲಿ ಚೈನಿಗೂ ರಂಧ್ರ ಕೊರೆದು ತೂಕ ಇಳಿಸಲಾಗಿತ್ತು. ಅದು ನಯವಾದ ಟ್ರ್ಯಾಕಿನ ಮೇಲೆ ಒಂದೇ ಗಂಟೆಯ ಸವಾರಿಗಾಗಿ ಪರಿಣತರು ಮಾಡಿದ ಕೆಲಸ. ಅದೇ ದಶಕದಲ್ಲಿ ಮನೆಮನೆಯ ಡ್ರಿಲ್ಲಿನಿಂದ ಬ್ರೇಕ್ ಸನ್ನೆ, ಕ್ರ್ಯಾಂಕು, ಸೀಟಿನ ಕಂಬಗಳಿಗೆ ತೂತು ಕೊರೆಯುವ ಗೀಳು ಹರಡಿತು. ಅವು ಇಂದು ಅಪರೂಪದ ವಸ್ತುವಿನ ಬೆಲೆಗೆ ಮಾರಾಟವಾಗುತ್ತಿವೆ. ಪ್ರತಿ ತೂತಿನ ಒರಟು ಅಂಚೂ ಬಿರುಕಿಗೆ ಒಂದು ಆರಂಭದ ಜಾಗ.

ಉತ್ತರ: ಬರ್ಮಿಂಗ್‌ಹ್ಯಾಮ್ ಕನ್ನಡಿಗ

ಫ್ರೆಂಚ್ ಸೈಕಲ್ಲಿಗೆ ಬದಲಿ ಭಾಗ ಹಾಕುವಾಗ ಅಳತೆಯೇ ಸುರಕ್ಷತೆಯ ಪ್ರಶ್ನೆಯಾಗುತ್ತದೆ, ಅದನ್ನು ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ಆ ಕಾಲದ ಫ್ರೆಂಚ್ ಸ್ಟೆಮ್ಮಿನ ಕಾಂಡ 22.0 ಮಿ.ಮೀ., ಇಂದು ಸಿಗುವ ಸಾಮಾನ್ಯ ಸ್ಟೆಮ್ 22.2 ಮಿ.ಮೀ. ವ್ಯತ್ಯಾಸ ಅಲ್ಪವೆಂದು ಸುತ್ತಿಗೆಯಿಂದ ಬಡಿದು ಇಳಿಸಿದರೆ ಫೋರ್ಕಿನ ಕತ್ತು ಒಳಗಿನಿಂದ ಬಿಗಿದುಕೊಂಡು ಹಾಳಾಗುತ್ತದೆ. ಒಂದೋ 22.0 ಅಳತೆಯ ಹೊಸ ಸ್ಟೆಮ್ಮನ್ನೇ ಹುಡುಕಬೇಕು, ಇಲ್ಲವೇ 22.2ರ ಕಾಂಡವನ್ನು ಸುತ್ತಲೂ ಸಮನಾಗಿ, ನುಣುಪು ಮರಳು ಕಾಗದದಲ್ಲಿ ಮುಗಿಸಿ ಇಳಿಸಬೇಕು. ಅರದಿಂದ ಉಜ್ಜಿ ಅಡ್ಡ ಗೀರುಗಳನ್ನು ಬಿಟ್ಟರೆ ಹೊಸ ಸ್ಟೆಮ್ಮಿಗೂ ಹಳೆಯದರ ರೋಗವನ್ನೇ ತಂದಂತಾಗುತ್ತದೆ. ಸ್ಟೆಮ್ಮಿನ ಕೆಳಗಿನ ಶಂಕು ಫೋರ್ಕಿನ ಕತ್ತಿನ ಥ್ರೆಡ್ ಇರುವ ಭಾಗವನ್ನು ದಾಟಿ ಕೆಳಗೆ ಕೂತಿರಬೇಕು. ಥ್ರೆಡ್ಡಿನ ಎದುರಿಗೇ ಬಿಗಿದರೆ ಕತ್ತು ಅಲ್ಲಿಯೇ ಸೀಳುತ್ತದೆ.

ಹ್ಯಾಂಡಲ್ಲಿನ ನಡುಭಾಗ ಫ್ರೆಂಚ್ ಅಳತೆಯಲ್ಲಿ 25.0, ಬೇರೆಡೆ 25.4, ಇಟಲಿಯ ಚಿನೆಲ್ಲಿಯಲ್ಲಿ 26.4 ಮಿ.ಮೀ. ಇರುತ್ತದೆ. ಸಡಿಲವಾದ ಹಿಡಿಕೆಯಲ್ಲಿ ಕೂತ ಹ್ಯಾಂಡಲ್ ಜೋರಾಗಿ ಬ್ರೇಕ್ ಒತ್ತಿದಾಗಲೇ ತಿರುಗಿಬಿಡುತ್ತದೆ. ಆದ್ದರಿಂದ ಸ್ಟೆಮ್ ಬದಲಿಸುವವರು ಹ್ಯಾಂಡಲನ್ನೂ ಜೋಡಿಯಾಗಿ ಬದಲಿಸುವುದು ಮೇಲು. ನಿಟ್ಟೊ ಎಂಬ ಜಪಾನಿ ಕಂಪನಿ ಹಳೆಯ ಆಕಾರದ ಎರಡನ್ನೂ ಇಂದಿಗೂ ತಯಾರಿಸುತ್ತಿದೆ, ನೋಡಲು ಕಾಲಕ್ಕೆ ಹೊಂದುತ್ತದೆ.

ಪೆಡಲಿನ ಥ್ರೆಡ್ ಕೂಡ ಬೇರೆ. ಫ್ರೆಂಚ್ ಕ್ರ್ಯಾಂಕಿನದು 14 ಮಿ.ಮೀ. ವ್ಯಾಸ, 1.25 ಮಿ.ಮೀ. ಅಂತರದ ಥ್ರೆಡ್, ಇಂದಿನ ಪೆಡಲ್ 9/16 ಇಂಚು. ಹೊಸ ಪೆಡಲನ್ನು ಪಾನಾ ಹಾಕಿ ಬಲವಂತವಾಗಿ ತಿರುಗಿಸಿದರೆ ಅದು ಹೋಗಿ ಕೂರುತ್ತದೆ, ಆದರೆ ಕ್ರ್ಯಾಂಕಿನ ಕಣ್ಣು ಹಿಗ್ಗಿ ಬಿರಿಯುವ ಸ್ಥಿತಿಗೆ ಬಂದಿರುತ್ತದೆ. ನಿಮ್ಮ ಸ್ಟ್ರಾಂಗ್‌ಲೈಟ್ ಕ್ರ್ಯಾಂಕು ಬಿಚ್ಚಲು 23.35 ಮಿ.ಮೀ.ನ ಪುಲ್ಲರ್ ಬೇಕು, ಸಾಮಾನ್ಯವಾದ 22 ಮಿ.ಮೀ.ನ ಉಪಕರಣ ಹಾಕಿದರೆ ಕ್ರ್ಯಾಂಕಿನ ಥ್ರೆಡ್ ಕಿತ್ತುಬರುತ್ತದೆ. ಬಾಟಮ್ ಬ್ರಾಕೆಟ್ಟಿನ (ಕ್ರ್ಯಾಂಕಿನ ಅಚ್ಚು ತಿರುಗುವ ಬೇರಿಂಗು) ಎರಡೂ ಬಟ್ಟಲುಗಳು ಬಲ ಥ್ರೆಡ್ಡಿನವು, ಹಾಗಾಗಿ ಬಲಬದಿಯ ಬಟ್ಟಲು ತುಳಿಯುತ್ತಾ ತುಳಿಯುತ್ತಾ ಸಡಿಲಾಗುವ ಸ್ವಭಾವದ್ದು. ಅದನ್ನು ಬಹಳ ಗಟ್ಟಿಯಾಗಿ ಬಿಗಿಯಬೇಕು.

ಪ್ರಶ್ನೆ ಕೇಳಿದವರಿಂದ: ಲಿಯಾನ್ ಸವಾರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಆವಾ ಸ್ಟೆಮ್ಮನ್ನೂ ಹ್ಯಾಂಡಲನ್ನೂ ತೆಗೆದು ಚೀಟಿ ಕಟ್ಟಿ ಇಟ್ಟಿದ್ದೇನೆ. ಕ್ರ್ಯಾಂಕಿಗೆ ಬಣ್ಣದ ಪರೀಕ್ಷೆ ಮಾಡಿಯೇ ಮುಂದುವರಿಯುತ್ತೇನೆ, ಪಾಲಿಶ್ ಸದ್ಯಕ್ಕೆ ಬೇಡವೆಂದು ನಿರ್ಧರಿಸಿದೆ. ಇನ್ನು ಉಳಿದಿರುವುದು ಬ್ರೇಕು, ಚಕ್ರ ಮತ್ತು ಆ ಪ್ಲಾಸ್ಟಿಕ್ ಡಿರೇಲರ್. ಮಾಫಾಕ್ ಬ್ರೇಕು ನೋಡಲು ಗಟ್ಟಿಯಾಗಿಯೇ ಇದೆ. ಅದನ್ನು ಉಳಿಸಿಕೊಳ್ಳಬಹುದೇ? ಫ್ರೇಮಿನ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಬರ್ಮಿಂಗ್‌ಹ್ಯಾಮ್ ಕನ್ನಡಿಗ

ಮಾಫಾಕ್ ರೇಸರ್ ಒಳ್ಳೆಯ ಬ್ರೇಕು, ತೋಳುಗಳನ್ನು ಉಳಿಸಿಕೊಳ್ಳಿ. ಒಳಗಿನ ತಂತಿ, ಹೊರಗಿನ ಕೊಳವೆ, ಎರಡು ತೋಳುಗಳನ್ನು ಸೇರಿಸುವ ಅಡ್ಡ ತಂತಿ, ಎಲ್ಲ ರಬ್ಬರು, ಇವನ್ನು ಮರುಯೋಚನೆಯಿಲ್ಲದೆ ಹೊಸದಾಗಿ ಹಾಕಿ. ಹಳೆಯ ತಂತಿ ಹೊರಗೆ ಹೊಳೆಯುತ್ತಿದ್ದರೂ ಸನ್ನೆಯೊಳಗೆ ಕೂರುವ ಗುಂಡಿನ ಬುಡದಲ್ಲಿ ಎಳೆ ಎಳೆಯಾಗಿ ತುಂಡಾಗುತ್ತಿರುತ್ತದೆ. ಹೊಸ ತಂತಿಯ ಗುಂಡು ಮಾಫಾಕ್ ಸನ್ನೆಯ ಗೂಡಿನಲ್ಲಿ ಪೂರ್ತಿ ಇಳಿದು ಕೂತಿದೆಯೇ ಎಂದು ಕಣ್ಣಾರೆ ನೋಡಿ, ಅರ್ಧ ಕೂತ ಗುಂಡು ಜೋರಾಗಿ ಒತ್ತಿದ ದಿನ ಹೊರಬರುತ್ತದೆ.

ಈ ಬಗೆಯ ಬ್ರೇಕಿಗೆ ತನ್ನದೇ ಆದ ಒಂದು ಅಪಾಯವಿದೆ. ಮುಂದಿನ ಮುಖ್ಯ ತಂತಿ ತುಂಡಾದರೆ ಅಡ್ಡ ತಂತಿ ಕಳಚಿ ಟೈರಿನ ಮೇಲೆ ಬೀಳುತ್ತದೆ. ಟೈರಿಗೆ ಉಬ್ಬುಗಂಟುಗಳಿದ್ದರೆ ಅದು ಸಿಕ್ಕಿಕೊಂಡು ಮುಂಚಕ್ರವನ್ನು ತಟ್ಟನೆ ನಿಲ್ಲಿಸಬಹುದು. ಜಲ್ಲಿ ರಸ್ತೆಗೆಂದು ಒರಟು ಟೈರು ಹಾಕುವವರು ಇದನ್ನು ನೆನಪಿಡಬೇಕು. ಫೋರ್ಕಿನ ತಲೆಗೆ ಬಿಗಿದ ಒಂದು ಸಣ್ಣ ಲೋಹದ ಪಟ್ಟಿ ಅಥವಾ ಮಡ್‌ಗಾರ್ಡ್ ಆ ತಂತಿಯನ್ನು ತಡೆದು ಹಿಡಿಯುತ್ತದೆ. ರಬ್ಬರಿನ ವಿಷಯದಲ್ಲಿ, ಕೂಲ್-ಸ್ಟಾಪ್ ಕಂಪನಿ ತನ್ನ ಕಿತ್ತಳೆ ಬಣ್ಣದ ರಬ್ಬರಿನಲ್ಲಿ ಮಾಫಾಕ್ ಆಕಾರದ್ದನ್ನೇ ತಯಾರಿಸುತ್ತದೆ. ನಿಮ್ಮ ರಿಮ್ಮು ಅಲ್ಯೂಮಿನಿಯಂ ಆಗಿರುವುದು ಅದೃಷ್ಟ. ಇದಕ್ಕಿಂತ ಕೆಳದರ್ಜೆಯ ಮಾದರಿಗಳಲ್ಲಿ ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮಿದ್ದು, ಮಳೆಯಲ್ಲಿ ಅದರ ಮೇಲೆ ರಬ್ಬರು ಬಹುತೇಕ ಹಿಡಿಯುವುದೇ ಇಲ್ಲ. ಅಂಥ ರಿಮ್ಮನ್ನು ಮೂಲವೆಂಬ ಕಾರಣಕ್ಕೆ ಉಳಿಸಿಕೊಂಡು ದಟ್ಟಣೆಯ ರಸ್ತೆಗೆ ಇಳಿಯುವುದನ್ನು ನಾನು ಒಪ್ಪಲಾರೆ.

ಟ್ಯೂಬುಲರ್ ಟೈರು ರಿಮ್ಮಿಗೆ ಅಂಟಿನ ಬಲದಿಂದಲೇ ಕೂರುತ್ತದೆ. ಹಳೆಯ ಅಂಟು ಒಣಗಿ ಗಾಜಿನಂತೆ ಪುಡಿಯಾಗಿದ್ದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಹೊರಳಿ ಕಳಚಿಕೊಳ್ಳುತ್ತದೆ. ಇದ್ದ ಟೈರನ್ನು ತೆಗೆದು, ಹಳೆಯ ಅಂಟನ್ನು ಕೆರೆದು, ಹೊಸ ಟೈರನ್ನು ಪದರ ಪದರವಾಗಿ ಅಂಟು ಬಳಿದು ಕೂರಿಸಿ, ಒಂದು ಪೂರ್ತಿ ದಿನ ಬಿಡಿ. ಉದ್ದನೆಯ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಹಿಡಿದರೆ ರಿಮ್ಮು ಕಾದು ಅಂಟು ಮೆದುವಾಗುವುದರಿಂದ, ಬಿಟ್ಟು ಬಿಟ್ಟು ಹಿಡಿಯುವುದನ್ನು ರೂಢಿಸಿಕೊಳ್ಳಿ.

ಉತ್ತರ: ಪೀಣ್ಯ ಫಿಟ್ಟರ್

ಸಿಂಪ್ಲೆಕ್ಸ್ ಡಿರೇಲರಿನ ದೇಹ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನದು, ಹಳತಾದಂತೆ ತಿರುಗಣಿಗಳ ಸುತ್ತಲೂ ಮುಂಭಾಗದ ಡಿರೇಲರಿನ ಪಟ್ಟಿಯಲ್ಲೂ ಸೀಳುತ್ತದೆ. ಹಿಂದಿನದು ಮುರಿದು ಕಡ್ಡಿಗಳೊಳಗೆ ಹೋದರೆ ಚಕ್ರ ನಿಲ್ಲುತ್ತದೆ. ಬದಲಿಸುವುದಾದರೆ, ಸಿಂಪ್ಲೆಕ್ಸ್ ಕಂಪನಿಯದೇ ಲೋಹದ ಸೂಪರ್ ಎಲ್‌ಜೆ ಮಾದರಿಯನ್ನು ಹುಡುಕಿ. ಬೇರೆ ಕಂಪನಿಯದನ್ನು ಕೂರಿಸಲು ಫ್ರೇಮಿನ ಹಿಂತುದಿಯ ರಂಧ್ರಕ್ಕೆ ಹೊಸದಾಗಿ ಥ್ರೆಡ್ ಕೊಯ್ಯಬೇಕಾಗುತ್ತದೆ, ಆ ಬದಲಾವಣೆಯನ್ನು ಹಿಂದಕ್ಕೆ ತರಲಾಗದು.

ಫ್ರೇಮಿನಲ್ಲಿ ಮೊದಲು ನೋಡಬೇಕಾದದ್ದು ಮುಂದಿನಿಂದ ಗುದ್ದಿದ ಗುರುತು. ತಲೆಯ ಲಗ್ಗಿನ ಹಿಂದೆ, ಕೆಳಕೊಳವೆಯ ಅಡಿಭಾಗದಲ್ಲಿ ಕಣ್ಣು ಮುಚ್ಚಿ ಬೆರಳು ಎಳೆಯಿರಿ. ಗುದ್ದಿದ್ದರೆ ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ, ಅಲ್ಲಿ ಬಣ್ಣವೂ ಸುಕ್ಕಾಗಿರುತ್ತದೆ. 531 ಕೊಳವೆಗಳು ತುದಿಗಳಲ್ಲಿ ದಪ್ಪ, ನಡುವೆ ತೆಳು, ಆದ್ದರಿಂದ ಬಣ್ಣ ತೆಗೆಸಲು ಒರಟು ಮರಳಿನ ಬ್ಲಾಸ್ಟಿಂಗ್ ಬೇಡ. ಬಾಟಮ್ ಬ್ರಾಕೆಟ್ ಬಿಚ್ಚಿದಾಗ ಕೊಳವೆಗಳ ಒಳಗೆ ಟಾರ್ಚ್ ಬಿಟ್ಟು ತುಕ್ಕನ್ನು ನೋಡಿ. ಫೋರ್ಕನ್ನು ಪೂರ್ತಿ ಹೊರತೆಗೆದು ಅದರ ಕತ್ತನ್ನು, ಮುಖ್ಯವಾಗಿ ಬುಡದಲ್ಲಿ ಬಟ್ಟಲು ಕೂರುವ ಮೆಟ್ಟಿಲ ಸುತ್ತ ಮತ್ತು ಮೇಲಿನ ಥ್ರೆಡ್ಡಿನ ಕೊನೆಯಲ್ಲಿ, ಅದೇ ಕೆಂಪು ಬಣ್ಣದಿಂದ ಪರೀಕ್ಷಿಸಿ. ಫೋರ್ಕಿಗೆ ಮತ್ತೆ ಕ್ರೋಮ್ ಲೇಪನ ಮಾಡಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಲೇಪನದ ತೊಟ್ಟಿಯಲ್ಲಿ ಉಕ್ಕು ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ, ತಕ್ಷಣ ಒಲೆಯಲ್ಲಿ ಕಾಯಿಸಿ ಅದನ್ನು ಹೊರಹಾಕುವ ಕ್ರಮವನ್ನು ಎಲ್ಲ ಲೇಪಕರೂ ಪಾಲಿಸುವುದಿಲ್ಲ.

ಹಳೆಯ ಫೋರ್ಕಿನ ತುದಿಗಳಲ್ಲಿ ಚಕ್ರ ಜಾರದಂತೆ ತಡೆಯುವ ಉಬ್ಬುಗಳು ಇರುವುದಿಲ್ಲ. ಚಕ್ರವನ್ನು ಬಿಗಿಯುವ ಕ್ವಿಕ್ ರಿಲೀಸ್ ಸನ್ನೆ ಸರಿಯಾಗಿ ಮುಚ್ಚದಿದ್ದರೆ ಮುಂಚಕ್ರವನ್ನು ಹಿಡಿದಿಡಲು ಬೇರೇನೂ ಇಲ್ಲ, ಹಾಗಾಗಿ ಅದನ್ನು ಪ್ರತಿ ಸವಾರಿಗೂ ಮುನ್ನ ನೋಡಲೇಬೇಕು. ಎಲ್ಲವೂ ಕೂತ ಮೇಲೆ ಮೊದಲು ಮನೆಯ ಸುತ್ತ ಸಮತಟ್ಟಿನಲ್ಲಿ ಓಡಿಸಿ, ಹಿಂದಿರುಗಿ ಬಂದು ಸ್ಟೆಮ್ಮಿನ ಬೋಲ್ಟು, ಕ್ರ್ಯಾಂಕಿನ ಬೋಲ್ಟು, ಬಲಬದಿಯ ಬಟ್ಟಲು ಮತ್ತು ಬ್ರೇಕ್ ತಂತಿಯ ಹಿಡಿಕೆಗಳನ್ನು ಮತ್ತೊಮ್ಮೆ ಬಿಗಿಯಿರಿ. ಹೊಸ ತಂತಿ ಆ ಮೊದಲ ಸವಾರಿಯಲ್ಲೇ ಸ್ವಲ್ಪ ಸಡಿಲಗೊಂಡಿರುತ್ತದೆ.